ಕೋರ್ಟಿನ ಡಿಕ್ರಿ ಇದ್ದರೂ ಚರ್ಚಿನಲ್ಲಿ ಮರುಮದುವೆ ಏಕಾಗದು? ಕಥೋಲಿಕ ಅನಲ್ಮೆಂಟಿನ ಒಳಹೊರಗು

ಫ್ಯಾಮಿಲಿ ಕೋರ್ಟಿನ ವಿಚ್ಛೇದನದ ಡಿಕ್ರಿ ಕೈಗೆ ಬಂದಿರುತ್ತದೆ. ಮೇಲ್ಮನವಿಯ ಗಡುವೂ ಕಳೆದಿರುತ್ತದೆ. ಹೊಸ ಸಂಬಂಧ ಕೂಡಿಬಂದು, ಎರಡೂ ಮನೆಯವರು ಒಪ್ಪಿ, ದಿನ ಗೊತ್ತುಮಾಡಲು ಚರ್ಚಿನ ಕಚೇರಿಗೆ ಹೋದಾಗ ಫಾದರ್ ಮೊದಲು ಕೇಳುವುದು ಸ್ನಾನದೀಕ್ಷೆಯ (ಬ್ಯಾಪ್ಟಿಸಂ) ಪ್ರಮಾಣಪತ್ರದ ಹೊಸ ಪ್ರತಿಯನ್ನು. ಹತ್ತು ವರ್ಷದ ಹಿಂದಿನ ಪ್ರತಿ ನಡೆಯುವುದಿಲ್ಲ. ಅದಕ್ಕೆ ಕಾರಣವಿದೆ. ಕಥೋಲಿಕರೊಬ್ಬರು ಎಲ್ಲೇ ಮದುವೆಯಾಗಲಿ, ಆ ವಿಷಯ ಅವರಿಗೆ ಸ್ನಾನದೀಕ್ಷೆಯಾದ ಊರಿನ ಚರ್ಚಿಗೆ ತಲುಪಿ, ಅಲ್ಲಿನ ರಿಜಿಸ್ಟರಿನಲ್ಲಿ ಅವರ ಹೆಸರಿನ ಪಕ್ಕ ಟಿಪ್ಪಣಿಯಾಗಿ ಸೇರಬೇಕು. ಹೊಸದಾಗಿ ಪಡೆದ ಪ್ರಮಾಣಪತ್ರದಲ್ಲಿ ಆ ಟಿಪ್ಪಣಿ ಕಾಣಿಸುತ್ತದೆ. ಕೋರ್ಟು ಮದುವೆಯನ್ನು ಮುಗಿಸಿದ್ದರೂ ರಿಜಿಸ್ಟರಿನ ಪ್ರಕಾರ ಆ ವ್ಯಕ್ತಿ ವಿವಾಹಿತರೇ.

ಸರ್ಕಾರದ ಕಾನೂನಿಗೆ ಮದುವೆ ಮುರಿಯಬಲ್ಲ ಸಂಗತಿ. ಕಥೋಲಿಕ ಧರ್ಮಸಭೆಗೆ ಹಾಗಲ್ಲ. ಸ್ನಾನದೀಕ್ಷೆ ಪಡೆದ ಇಬ್ಬರು ಸರಿಯಾಗಿ ಮದುವೆಯಾಗಿ ದಾಂಪತ್ಯ ನಡೆಸಿದರೆ, ಆ ಬಂಧವನ್ನು ಸಾವಿನ ಹೊರತು ಬೇರೆ ಯಾವುದೂ ಬಿಡಿಸಲಾರದು ಎನ್ನುತ್ತದೆ 1983ರ ಧರ್ಮಸಭಾ ಕಾನೂನಿನ ಕ್ಯಾನನ್ (ಕಲಂ) 1141. ಹಾಗಾದರೆ ಅನಲ್ಮೆಂಟ್ ಎಂದರೇನು? ಇದ್ದ ಮದುವೆಯನ್ನು ಮುರಿಯುವುದಂತೂ ಅಲ್ಲ. ‘ಸರಿಯಾಗಿ ಮದುವೆಯಾಗಿ’ ಎಂಬ ಮಾತು ಈ ಜೋಡಿಗೆ ಅನ್ವಯಿಸುತ್ತದೆಯೇ ಎಂದು ವಿಚಾರಿಸುವುದು. ಜಮೀನಿನ ಕ್ರಯಪತ್ರ ನೋಂದಣಿಯಾಗಿ, ಖಾತೆ ಬದಲಾಗಿ, ಹತ್ತು ವರ್ಷ ಕಂದಾಯ ಕಟ್ಟಿದ ಮೇಲೆ, ಮಾರಿದವನಿಗೆ ಆ ಜಮೀನಿನ ಮೇಲೆ ಹಕ್ಕೇ ಇರಲಿಲ್ಲ ಎಂದು ಗೊತ್ತಾಗುವುದುಂಟಲ್ಲ? ಆಗ ಕ್ರಯ ರದ್ದಾಗುವುದಿಲ್ಲ, ಮೊದಲಿಂದಲೇ ಅಸಿಂಧುವಾಗಿತ್ತು ಎಂದು ತೀರ್ಮಾನವಾಗುತ್ತದೆ. ಅನಲ್ಮೆಂಟ್ ಅಂಥದ್ದು: ಮದುವೆ ಅಸಿಂಧುವಾಗಿತ್ತು ಎಂಬ ಘೋಷಣೆ.

ಈ ಭೇದ ಮನಸ್ಸಿಗೆ ಹತ್ತದಿದ್ದರೆ ಮುಂದಿನ ಹಂತಗಳೆಲ್ಲ ಗೋಜಲು. ಕೋರ್ಟು ಕೇಳುವುದು ‘ಈ ಮನೆ ಏಕೆ ಒಡೆಯಿತು?’ ಎಂದು. ಧರ್ಮಸಭೆಯ ಸ್ವಂತ ನ್ಯಾಯಾಲಯವಾದ ಟ್ರಿಬ್ಯೂನಲ್ ಕೇಳುವುದು ‘ಮದುವೆಯ ದಿನ ಬಲಿಪೀಠದ ಮುಂದೆ ಏನಾಯಿತು, ಏನಾಗಲಿಲ್ಲ?’ ಎಂದು. ಅನಂತರದ ಜಗಳ, ಹೊಡೆತ, ಬಿಟ್ಟುಹೋದದ್ದು ಇವೆಲ್ಲ ಟ್ರಿಬ್ಯೂನಲಿಗೆ ಬೇಕಾಗುವುದು ಆ ದಿನದ ಸ್ಥಿತಿಯನ್ನು ತೋರಿಸುವ ಮಟ್ಟಿಗೆ ಮಾತ್ರ.

ಹೆಚ್ಚಿನ ತಾಯಂದಿರು ಮೊದಲು ಕೇಳುವ ಪ್ರಶ್ನೆಯೊಂದಕ್ಕೆ ಇಲ್ಲೇ ಉತ್ತರ ಹೇಳಿಬಿಡಬೇಕು. ಮದುವೆ ಅಸಿಂಧುವಾದರೆ ಮಕ್ಕಳು ಅಕ್ರಮ ಸಂತಾನವಾಗುತ್ತಾರೆಯೇ? ಇಲ್ಲ. ಇಬ್ಬರಲ್ಲಿ ಒಬ್ಬರಾದರೂ ಒಳ್ಳೆಯ ನಂಬಿಕೆಯಿಂದ ಮಾಡಿಕೊಂಡ ಮದುವೆಯಲ್ಲಿ ಹುಟ್ಟಿದ ಮಕ್ಕಳು ಸಕ್ರಮ ಸಂತಾನವೇ ಎಂದು ಕ್ಯಾನನ್ 1137 ಸ್ಪಷ್ಟವಾಗಿ ಹೇಳಿದೆ. ಮಕ್ಕಳ ಪಾಲನೆ, ಜೀವನಾಂಶ, ಆಸ್ತಿ, ಒಡವೆ ಇವು ಕೋರ್ಟಿನ ವಿಷಯಗಳು. ಟ್ರಿಬ್ಯೂನಲಿನ ತೀರ್ಪಿನಿಂದ ಅವು ಒಂದಿಷ್ಟೂ ಕದಲುವುದಿಲ್ಲ. ವಿಚ್ಛೇದನವಾದವರಿಗೆ ಪರಮಪ್ರಸಾದ (ಕಮ್ಯೂನಿಯನ್) ಇಲ್ಲ ಎಂಬ ಮಾತೂ ತಪ್ಪು. ವಿಚ್ಛೇದನ ಪಡೆದು ಮರುಮದುವೆಯಾಗದೆ ಇರುವವರಿಗೆ ಆ ಕಾರಣಕ್ಕೆ ಯಾವ ಸಂಸ್ಕಾರವೂ ತಪ್ಪುವುದಿಲ್ಲ.

ಮದುವೆ ಅಸಿಂಧುವಾಗುವ ಮೂರು ದಾರಿಗಳು

ಮೊದಲನೆಯದು ವಿಧಿಯ ಕೊರತೆ. ಕಥೋಲಿಕರು ಧರ್ಮಕೇಂದ್ರದ (ಪ್ಯಾರಿಷಿನ) ಗುರುಗಳ ಅಥವಾ ಅವರು ಅಧಿಕಾರ ಕೊಟ್ಟವರ ಮುಂದೆ, ಇಬ್ಬರು ಸಾಕ್ಷಿಗಳ ಎದುರು ಮದುವೆಯಾಗಬೇಕು (ಕ್ಯಾನನ್ 1108). ಈ ವಿಧಿಯಿಂದ ಯಾವ ರಿಯಾಯಿತಿಯನ್ನೂ ಪಡೆಯದೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ, ದೇವಸ್ಥಾನದಲ್ಲಿ ಅಥವಾ ಪ್ರೊಟೆಸ್ಟಂಟ್ ಚರ್ಚಿನಲ್ಲಿ ಮದುವೆಯಾದ ಕಥೋಲಿಕರ ಮದುವೆ ಧರ್ಮಸಭೆಯ ಲೆಕ್ಕದಲ್ಲಿ ಸಿಂಧುವಲ್ಲ. ಇದಕ್ಕೆ ಪೂರ್ಣ ವಿಚಾರಣೆ ಬೇಡ. ಸ್ನಾನದೀಕ್ಷೆಯ ಪ್ರಮಾಣಪತ್ರ, ಮದುವೆ ನೋಂದಣಿಯ ಪ್ರತಿ, ಮುಂದೆ ಎಂದೂ ಆ ಮದುವೆಯನ್ನು ಚರ್ಚಿನಲ್ಲಿ ಸರಿಪಡಿಸಿಕೊಂಡಿಲ್ಲ ಎಂಬುದಕ್ಕೆ ಆಧಾರ, ಕೋರ್ಟಿನ ಡಿಕ್ರಿ ಇವನ್ನು ಹಿಡಿದು ಧರ್ಮಪ್ರಾಂತ್ಯದ (ಡಯಾಸಿಸ್) ಕಚೇರಿಯಲ್ಲೇ ಇತ್ಯರ್ಥವಾಗುತ್ತದೆ. ಇದನ್ನು ತಿಳಿಯದೆ, ರಿಜಿಸ್ಟರ್ ಮದುವೆಯಾದವರೂ ಅನಲ್ಮೆಂಟಿನ ಹೆಸರು ಕೇಳಿಯೇ ಬೆಚ್ಚಿ ವರ್ಷಗಟ್ಟಲೆ ಸುಮ್ಮನಿದ್ದುಬಿಡುತ್ತಾರೆ.

ತಿರುವುಮುರುವಾಗಿ ಯೋಚಿಸಿ ಎಡವುವವರೂ ಇದ್ದಾರೆ. ಸಿಎಸ್‌ಐ ಎಂಬ ಪ್ರೊಟೆಸ್ಟಂಟ್ ಚರ್ಚಿನ ಇಬ್ಬರು ತಮ್ಮ ಚರ್ಚಿನಲ್ಲಿ ಮಾಡಿಕೊಂಡ ಮದುವೆಯನ್ನು ಕಥೋಲಿಕ ಧರ್ಮಸಭೆ ಸಿಂಧು ಎಂದೇ ಎಣಿಸುತ್ತದೆ. ಆ ವಿಧಿ ಬಾಧಿಸುವುದು ಕಥೋಲಿಕರನ್ನು ಮಾತ್ರ. ಹಾಗಾಗಿ ವಿಚ್ಛೇದನ ಪಡೆದ ಸಿಎಸ್‌ಐ ವರನೊಬ್ಬ ಕಥೋಲಿಕ ವಧುವನ್ನು ವರಿಸಬೇಕಾದರೆ, ಅವನ ಮೊದಲ ಮದುವೆಯೂ ಟ್ರಿಬ್ಯೂನಲಿನ ಮುಂದೆ ಬರಬೇಕು. ವಿಚ್ಛೇದಿತ ಹಿಂದೂ ವರನಾದರೂ ‘ಅದು ಚರ್ಚಿನ ಮದುವೆಯಲ್ಲವಲ್ಲ’ ಎಂದು ತಳ್ಳಿಹಾಕುವಂತಿಲ್ಲ. ಅಂಥವರಿಗೆ ಬೇರೆ ವಿಧಾನಗಳಿವೆ, ಕೆಲವು ರೋಮಿನವರೆಗೂ ಹೋಗುತ್ತವೆ.

ಎರಡನೆಯದು ಅಡ್ಡಿ. ಮೊದಲ ಮದುವೆ ಉಳಿದಿರುವುದು, ದೀಕ್ಷೆ ಪಡೆದ ಗುರುವಾಗಿರುವುದು, ಮದುವೆಗೆ ಮೊದಲೇ ಇದ್ದ ಹಾಗೂ ವಾಸಿಯಾಗದ ಷಂಡತನ, ಹತ್ತಿರದ ರಕ್ತಸಂಬಂಧ ಇತ್ಯಾದಿ. ಬಂಜೆತನ ಈ ಪಟ್ಟಿಯಲ್ಲಿಲ್ಲ. ನಮ್ಮ ಕಡೆ ಅಕ್ಕನ ಮಗಳನ್ನು, ಸೋದರತ್ತೆಯ ಮಗನನ್ನು ಮದುವೆಯಾಗುವ ರೂಢಿಯಿರುವುದರಿಂದ ರಕ್ತಸಂಬಂಧದ ಅಡ್ಡಿ ಬರೀ ಪುಸ್ತಕದ ಮಾತಲ್ಲ. ಸೋದರ ಸಂಬಂಧದಲ್ಲಿ ನಾಲ್ಕನೇ ಹಂತದವರೆಗೆ, ಅಂದರೆ ಅತ್ತೆ-ಮಾವಂದಿರ ಮಕ್ಕಳವರೆಗೆ, ಮದುವೆಗೆ ಅಡ್ಡಿಯಿದೆ. ಧರ್ಮಾಧ್ಯಕ್ಷರ (ಬಿಷಪರ) ರಿಯಾಯಿತಿ ಪಡೆದಿದ್ದರೆ ಮದುವೆ ಸಿಂಧು, ಪಡೆಯದಿದ್ದರೆ ಅಸಿಂಧು. ಇಂಥ ಕಡೆ ತಕರಾರಿಗೆ ಎಡೆಯಿಲ್ಲದ ಒಂದು ದಾಖಲೆ ಸಾಕು. ಕ್ಯಾನನ್ 1688ರ ‘ದಾಖಲೆ ವಿಧಾನ’ದಲ್ಲಿ ಪ್ರಕರಣ ಬೇಗ ಮುಗಿಯುತ್ತದೆ.

ಮೂರನೆಯದು ಒಪ್ಪಿಗೆಯ ದೋಷ. ಟ್ರಿಬ್ಯೂನಲುಗಳ ಮುಖ್ಯ ಕೆಲಸವೇ ಇದು.

ಒಪ್ಪಿಗೆಯಲ್ಲಿ ಏನು ಕೆಡುತ್ತದೆ

ಮದುವೆಯನ್ನು ಮಾಡುವುದು ಗುರುಗಳಲ್ಲ, ವಧೂವರರ ಒಪ್ಪಿಗೆ. ಆ ಒಪ್ಪಿಗೆಯನ್ನು ಬೇರಾರೂ ತುಂಬಿಕೊಡಲಾರರು ಎನ್ನುತ್ತದೆ ಕ್ಯಾನನ್ 1057. ಬಾಯಲ್ಲಿ ‘ಒಪ್ಪಿದ್ದೇನೆ’ ಎಂದ ಮೇಲೂ ಒಳಗೆ ಒಪ್ಪಿಗೆ ಇಲ್ಲದಿರಬಹುದು, ಅಥವಾ ಒಪ್ಪುವ ಶಕ್ತಿಯೇ ಇಲ್ಲದಿರಬಹುದು.

ಹೆಚ್ಚು ಬಳಕೆಯಲ್ಲಿರುವ ಆಧಾರ ಕ್ಯಾನನ್ 1095. ಅದರಲ್ಲಿ ಮೂರು ಮೆಟ್ಟಿಲುಗಳಿವೆ: ಬುದ್ಧಿ ಸ್ವಾಧೀನದಲ್ಲಿ ಇಲ್ಲದಿರುವುದು, ಮದುವೆಯ ಹಕ್ಕು-ಹೊಣೆಗಳ ಬಗ್ಗೆ ವಿವೇಚನೆಯ ತೀವ್ರ ಕೊರತೆ, ಮಾನಸಿಕ ಕಾರಣಗಳಿಂದ ಆ ಹೊಣೆಗಳನ್ನು ಹೊರಲಾಗದಿರುವುದು. ಗಲ್ಫಿನಿಂದ ಇಪ್ಪತ್ತು ದಿನದ ರಜೆಗೆ ಬಂದವನು ಮೊದಲ ವಾರ ಹುಡುಗಿ ನೋಡಿ, ಎರಡನೇ ವಾರ ರೋಸ್ (ತೆಂಗಿನಹಾಲು ಹಚ್ಚುವ) ಶಾಸ್ತ್ರ ಮುಗಿಸಿ, ಮೂರನೇ ವಾರ ಮದುವೆಯಾಗಿ ವಿಮಾನ ಹತ್ತಿದ ಎಂದರೆ ಅದಿಷ್ಟೇ ವಿವೇಚನೆಯ ಕೊರತೆಯಾಗದು. ಅಂಥ ಎಷ್ಟೋ ಮದುವೆಗಳು ಚೆನ್ನಾಗಿಯೇ ನಡೆದಿವೆ. ಆ ಅವಸರದ ಜೊತೆಗೆ ವ್ಯಕ್ತಿಯ ಒಳಗಿನ ಯಾವ ಸ್ಥಿತಿ ವಿವೇಚನೆಯನ್ನು ಕಸಿದಿತ್ತು ಎಂಬುದನ್ನು ತೋರಿಸಬೇಕು. ಆಗಷ್ಟೇ ಆದ ಆಘಾತವೇ, ಚಿಕಿತ್ಸೆ ಪಡೆಯುತ್ತಿದ್ದ ಖಿನ್ನತೆಯೇ, ಚಟವೇ? ಮೂರನೇ ಮೆಟ್ಟಿಲಿನ ಬಗ್ಗೆ ಪೋಪ್ ಎರಡನೇ ಜಾನ್ ಪಾಲ್ 1987ರಲ್ಲಿ ರೋಮಿನ ರೋಟಾ ನ್ಯಾಯಾಲಯಕ್ಕೆ ಹೇಳಿದ ಮಾತು ಇಂದಿಗೂ ಅಳತೆಗೋಲು: ಹೊಣೆ ಹೊರುವುದು ಕಷ್ಟವಾದರೆ ಸಾಲದು, ಅಸಾಧ್ಯವಾಗಿರಬೇಕು. ಮುಂಗೋಪಿ, ಜಿಪುಣ, ಅಮ್ಮನ ಮಾತು ಮೀರದವನು ಇವೆಲ್ಲ ಕಷ್ಟದ ಗಂಡಂದಿರ ಲಕ್ಷಣಗಳು, ಅಸಿಂಧು ಮದುವೆಯ ಪುರಾವೆಗಳಲ್ಲ.

ಮೋಸ (ಕ್ಯಾನನ್ 1098) ಇನ್ನೊಂದು. ಸ್ಕಿಜೋಫ್ರೇನಿಯಾಗೆ ನಡೆಯುತ್ತಿದ್ದ ಚಿಕಿತ್ಸೆ, ಮಕ್ಕಳಾಗದು ಎಂಬ ವೈದ್ಯಕೀಯ ಸತ್ಯ, ಗಂಭೀರ ಅಂಟುರೋಗ, ಹಿಂದಿನ ಸಂಬಂಧದ ಮಗು ಇಂಥದ್ದನ್ನು ಮುಚ್ಚಿಟ್ಟು ಒಪ್ಪಿಗೆ ಪಡೆದಿದ್ದರೆ ಇದು ಅನ್ವಯಿಸುತ್ತದೆ. ತೋರಿಸಬೇಕಾದ್ದು ಎರಡು: ಮುಚ್ಚಿಟ್ಟದ್ದು ಒಪ್ಪಿಗೆ ಪಡೆಯಲೆಂದೇ, ಮತ್ತು ಮುಚ್ಚಿಟ್ಟ ವಿಷಯ ಸ್ವಭಾವತಃ ದಾಂಪತ್ಯವನ್ನೇ ಅಲುಗಿಸುವಂಥದ್ದು. ಸಂಬಳದ ಅಂಕಿಯನ್ನು ಉಬ್ಬಿಸಿ ಹೇಳಿದ್ದು ಸಾಮಾನ್ಯವಾಗಿ ಈ ಮಟ್ಟ ಮುಟ್ಟುವುದಿಲ್ಲ. ಸತ್ಯ ಗೊತ್ತಾದ ದಿನ ಮೋಸಹೋದವರು ಹೇಗೆ ನಡೆದುಕೊಂಡರು ಎಂಬುದು ದೊಡ್ಡ ಸಾಕ್ಷ್ಯ. ಮರುದಿನವೇ ತವರಿಗೆ ಬಂದವಳ ಮಾತಿಗೂ, ಗೊತ್ತಾದ ಮೇಲೆ ಆರು ವರ್ಷ ಬಾಳಿ ಬೇರೆ ಜಗಳಕ್ಕೆ ಹೊರಬಂದವಳ ಮಾತಿಗೂ ತೂಕ ಒಂದೇ ಆಗಿರುವುದಿಲ್ಲ.

ಬಲಾತ್ಕಾರ ಮತ್ತು ಭಯದ (ಕ್ಯಾನನ್ 1103) ಪ್ರಕರಣಗಳು ನಮ್ಮ ಮನೆಗಳಲ್ಲಿ ಹುಟ್ಟುವುದು ಬೇರೆಯೇ ರೀತಿ. ಯಾರೂ ಕತ್ತಿ ಹಿಡಿಯುವುದಿಲ್ಲ. ಅಪ್ಪ ಊಟ ಬಿಡುತ್ತಾನೆ, ಅಮ್ಮ ‘ಬಾವಿಗೆ ಹಾರುತ್ತೇನೆ’ ಎನ್ನುತ್ತಾಳೆ, ಹುಡುಗಿಯ ಫೋನ್ ಕಸಿದು ಮೂರು ತಿಂಗಳು ಚಿಕ್ಕಮ್ಮನ ಮನೆಯಲ್ಲಿ ಕೂಡುತ್ತಾರೆ. ಹಿರಿಯರ ಮೇಲಿನ ಗೌರವದಿಂದ ಹುಟ್ಟುವ ಭಯವೂ ತೀವ್ರವಾಗಿದ್ದರೆ ಲೆಕ್ಕಕ್ಕೆ ಬರುತ್ತದೆ. ಹಿರಿಯರು ತಂದ ಸಂಬಂಧಕ್ಕೆ ಮನಸ್ಸಿಲ್ಲದ ಮನಸ್ಸಿನಿಂದ ತಲೆಯಾಡಿಸಿದ್ದು ಬರುವುದಿಲ್ಲ. ಮದುವೆ ಬಿಟ್ಟರೆ ಬೇರೆ ದಾರಿಯೇ ಇರಲಿಲ್ಲ ಎಂಬುದು ಸಾಬೀತಾಗಬೇಕು.

ಕೊನೆಯದು ತೋರಿಕೆಯ ಒಪ್ಪಿಗೆ (ಕ್ಯಾನನ್ 1101). ವೀಸಾಕ್ಕಾಗಿ ಮದುವೆಯಾಗಿ ದಾಂಪತ್ಯದ ಯಾವ ಉದ್ದೇಶವೂ ಇಲ್ಲದಿದ್ದರೆ ಅದು ಪೂರ್ತಿ ತೋರಿಕೆ. ಮದುವೆ ಬೇಕು, ಆದರೆ ಮಕ್ಕಳು ಎಂದೆಂದಿಗೂ ಬೇಡ ಅಥವಾ ನಿಷ್ಠೆಗೆ ಕಟ್ಟುಬೀಳೆನು ಅಥವಾ ಸರಿಹೋಗದಿದ್ದರೆ ಬಿಟ್ಟುಬಿಡುತ್ತೇನೆ ಎಂದು ಮನಸ್ಸಿನಲ್ಲಿ ನಿಶ್ಚಯಿಸಿದ್ದರೆ ಅದು ಭಾಗಶಃ ತೋರಿಕೆ. ಮದುವೆಯಾದ ಐದನೇ ವರ್ಷದಲ್ಲಿ ಹುಟ್ಟಿದ ಅಕ್ರಮ ಸಂಬಂಧ ಇದಕ್ಕೆ ಆಧಾರವಾಗದು. ಮದುವೆಗೆ ಮೊದಲೇ ಇದ್ದು, ಮದುವೆಯ ವಾರದಲ್ಲೂ ಮುಂದುವರಿದ ಸಂಬಂಧ ಆಗಬಹುದು.

ಅರ್ಜಿಯಿಂದ ತೀರ್ಪಿನವರೆಗೆ

ಹೋಗಬೇಕಾದ್ದು ಮೊದಲು ಧರ್ಮಕೇಂದ್ರದ ಗುರುಗಳ ಬಳಿಗೆ. ಅವರು ತೀರ್ಪು ಕೊಡುವವರಲ್ಲ. ಪ್ರಕರಣದಲ್ಲಿ ಹುರುಳಿದೆಯೇ ಎಂದು ನೋಡಿ, ದಾಖಲೆ ಕೂಡಿಸಲು ನೆರವಾಗಿ, ಟ್ರಿಬ್ಯೂನಲಿನ ದಾರಿ ತೋರಿಸುತ್ತಾರೆ. ಯಾವ ಟ್ರಿಬ್ಯೂನಲ್? ಮದುವೆ ನಡೆದ ಜಾಗದ್ದು, ಇಬ್ಬರಲ್ಲಿ ಯಾರಾದರೊಬ್ಬರು ವಾಸಿಸುವ ಜಾಗದ್ದು ಅಥವಾ ಹೆಚ್ಚಿನ ಸಾಕ್ಷ್ಯ ಸಿಗುವ ಜಾಗದ್ದು (ಕ್ಯಾನನ್ 1672). ಮಂಗಳೂರಿನಲ್ಲಿ ಮದುವೆಯಾಗಿ, ಗಂಡ ದುಬೈಯಲ್ಲೂ ಹೆಂಡತಿ ಬೆಂಗಳೂರಿನಲ್ಲೂ ಇದ್ದರೆ ಆಯ್ಕೆ ಒಂದಕ್ಕಿಂತ ಹೆಚ್ಚು. ಸಾಕ್ಷಿಗಳು ಊರಿನಲ್ಲಿದ್ದರೆ ಊರಿನ ಟ್ರಿಬ್ಯೂನಲೇ ವಾಸಿ. ವಿದೇಶದಲ್ಲಿರುವವರ ಹೇಳಿಕೆಯನ್ನು ಅಲ್ಲಿನ ಟ್ರಿಬ್ಯೂನಲ್ ಮೂಲಕ ಪಡೆಯಲು ಅವಕಾಶವಿದೆ. ಕಥೋಲಿಕರಲ್ಲೇ ಪೂರ್ವದ ಪರಂಪರೆಯವರಾದ ಬೆಳ್ತಂಗಡಿ, ಭದ್ರಾವತಿ, ಮಂಡ್ಯದ ಸಿರೋ ಮಲಬಾರ್ ಧರ್ಮಪ್ರಾಂತ್ಯಗಳವರಿಗೂ ಪುತ್ತೂರಿನ ಸಿರೋ ಮಲಂಕರದವರಿಗೂ ಅನ್ವಯಿಸುವುದು ಪೂರ್ವದ ಧರ್ಮಸಭೆಗಳ ಕಾನೂನು ಸಂಹಿತೆ. ತಿರುಳು ಇದೇ ಆದರೂ ಕ್ಯಾನನ್ ಸಂಖ್ಯೆಗಳೂ ಕೆಲವು ನಿಯಮಗಳೂ ಬೇರೆ.

ಅರ್ಜಿಯ ಜೊತೆ ಸಾಮಾನ್ಯವಾಗಿ ಬೇಕಾಗುವುದು ಇಬ್ಬರ ಸ್ನಾನದೀಕ್ಷೆಯ ಪ್ರಮಾಣಪತ್ರ, ಚರ್ಚಿನ ವಿವಾಹ ಪ್ರಮಾಣಪತ್ರ, ಕೋರ್ಟಿನ ಡಿಕ್ರಿ, ಸಾಕ್ಷಿಗಳ ಹೆಸರು ವಿಳಾಸ, ಎದುರುದಾರರ ಸರಿಯಾದ ವಿಳಾಸ. ಮದುವೆಗೆ ಮೊದಲು ಗುರುಗಳು ವಧೂವರರನ್ನು ಬೇರೆಬೇರೆಯಾಗಿ ಕೇಳಿ ತುಂಬಿದ ವಿಚಾರಣಾ ಪತ್ರ ಮದುವೆಯಾದ ಧರ್ಮಕೇಂದ್ರದ ಕಡತದಲ್ಲಿರುತ್ತದೆ. ‘ಯಾರಾದರೂ ಒತ್ತಾಯಿಸಿದರೇ?’ ಎಂಬ ಪ್ರಶ್ನೆಗೆ ಅಂದು ‘ಇಲ್ಲ’ ಎಂದು ಸಹಿ ಹಾಕಿದ್ದು ಇಂದು ಎದುರು ಬರುತ್ತದೆ. ಅದೊಂದರಿಂದಲೇ ಪ್ರಕರಣ ಬೀಳುವುದಿಲ್ಲ, ಆದರೆ ಹೊರಗೆ ಅಪ್ಪ ಕೂತಿದ್ದ ಎಂಬಂಥ ವಿವರಣೆ ಸಿದ್ಧವಿರಲಿ.

ಅರ್ಜಿಗಳು ಸೊರಗುವುದು ಹೆಚ್ಚಾಗಿ ಬರವಣಿಗೆಯಲ್ಲೇ. ಕೋರ್ಟಿನ ವಿಚ್ಛೇದನದ ಅರ್ಜಿಯನ್ನೇ ನಕಲು ಮಾಡಿ ಕೊಡುವುದು ಎಲ್ಲರೂ ಮಾಡುವ ತಪ್ಪು. ‘ಮದುವೆಯಾದ ಮೂರನೇ ವರ್ಷದಿಂದ ಕುಡಿಯತೊಡಗಿದ, ಹೊಡೆದ, ಮನೆಗೆ ದುಡ್ಡು ಕೊಡಲಿಲ್ಲ’ ಎಂಬುದು ಕ್ರೌರ್ಯಕ್ಕೆ ಸಾಕ್ಷ್ಯ. ಅಂದು ಒಪ್ಪಿಗೆ ಕೆಟ್ಟಿತ್ತು ಎಂಬುದಕ್ಕಲ್ಲ. ಅದೇ ಸಂಸಾರದ ಬಗ್ಗೆ ‘ಮದುವೆಗೆ ಎರಡು ವರ್ಷ ಮೊದಲು ಚಟಬಿಡಿಸುವ ಕೇಂದ್ರದಲ್ಲಿ ಎರಡು ಬಾರಿ ದಾಖಲಾಗಿದ್ದ, ಸಂಬಂಧ ತಂದವರಿಗೆ ಇದು ಗೊತ್ತಿದ್ದರೂ ನಮಗೆ ಹೇಳಲಿಲ್ಲ, ಮದುವೆಯ ಬೆಳಿಗ್ಗೆಯೂ ಕುಡಿದಿದ್ದುದನ್ನು ಅವನ ತಮ್ಮ ಬಲ್ಲ’ ಎಂದು ಬರೆದರೆ ಟ್ರಿಬ್ಯೂನಲಿಗೆ ಹಿಡಿಯಲು ಎಳೆ ಸಿಗುತ್ತದೆ. ಇಬ್ಬರ ಬಾಲ್ಯ ಮತ್ತು ಮನೆಯ ವಾತಾವರಣ, ಪರಿಚಯವಾದದ್ದು ಹೇಗೆ, ನಿಶ್ಚಿತಾರ್ಥದ ದಿನಗಳು, ಮದುವೆಯ ದಿನ, ಮೊದಲ ಕೆಲವು ವಾರಗಳು ಇವಕ್ಕೆ ಮುಕ್ಕಾಲು ಭಾಗ ಮೀಸಲಿಡಿ. ಬೇರೆಯಾದ ಕಥೆಗೆ ಒಂದು ಪುಟ ಸಾಕು.

ಸಾಕ್ಷಿಗಳ ವಿಷಯವೂ ಹೀಗೆಯೇ. ಜಗಳ ಬಿಡಿಸಿದ ಪಕ್ಕದ ಮನೆಯವರಿಗಿಂತ, ಮದುವೆಗೆ ಮೊದಲು ಬಲ್ಲವರು ಮುಖ್ಯ: ಹಾಸ್ಟೆಲಿನ ಗೆಳತಿ, ಸೋದರತ್ತೆ, ಸಂಬಂಧ ತಂದವರು, ಮದುವೆಯಲ್ಲಿ ಜೊತೆ ನಿಂತವರು. ಮನೆಯವರ ಸಾಕ್ಷ್ಯ ನಡೆಯುವುದಿಲ್ಲ ಎಂದು ಭಾವಿಸಬೇಡಿ, ಇಂಥ ಪ್ರಕರಣಗಳಲ್ಲಿ ಹೆಚ್ಚು ಬಲ್ಲವರು ಅವರೇ. ಸಾಕ್ಷಿ ಹೇಳಲಾಗದವರು ಪಾಪನಿವೇದನೆ ಕೇಳಿದ ಗುರುಗಳು. ಪಾಪನಿವೇದನೆಯಲ್ಲಿ ತಿಳಿದದ್ದನ್ನು, ಹೇಳಿಕೊಂಡವರೇ ಅನುಮತಿ ಕೊಟ್ಟರೂ, ಅವರು ನುಡಿಯುವಂತಿಲ್ಲ.

ಟ್ರಿಬ್ಯೂನಲಿನ ಮುಖ್ಯಸ್ಥರಾದ ಜುಡಿಷಿಯಲ್ ವಿಕಾರ್ ಅರ್ಜಿಯನ್ನು ಅಂಗೀಕರಿಸಿದರೆ ಎದುರುದಾರರಿಗೂ ‘ವಿವಾಹಬಂಧದ ರಕ್ಷಕ’ರಿಗೂ ನೋಟಿಸ್ ಹೋಗುತ್ತದೆ. ಈ ರಕ್ಷಕರದ್ದು ವಿಚಿತ್ರ ಹುದ್ದೆ. ಗಂಡನ ಪರವೂ ಅಲ್ಲ, ಹೆಂಡತಿಯ ಪರವೂ ಅಲ್ಲ, ಮದುವೆಯ ಪರ ವಾದಿಸುವವರು. ಸುಲಭವಾಗಿ ಮದುವೆಗಳು ಅಸಿಂಧುವಾಗುತ್ತಿವೆ ಎಂದು 1741ರಲ್ಲಿ ಪೋಪ್ 14ನೇ ಬೆನೆಡಿಕ್ಟ್ ಈ ಹುದ್ದೆಯನ್ನು ಹುಟ್ಟುಹಾಕಿದರು. ಇಬ್ಬರೂ ಕೂಡಿ ‘ನಮ್ಮದು ಮದುವೆಯೇ ಅಲ್ಲ’ ಎಂದರೂ ಪ್ರಶ್ನಿಸಲು ಒಬ್ಬರು ಇದ್ದೇ ಇರುತ್ತಾರೆ. ಹಾಗಾಗಿ ‘ಇಬ್ಬರೂ ಒಪ್ಪಿದರೆ ಅನಲ್ಮೆಂಟ್ ಸಿಕ್ಕೇ ಸಿಗುತ್ತದೆ’ ಎಂಬುದು ಸುಳ್ಳು.

ಇನ್ನೊಬ್ಬರು ಒಪ್ಪದಿದ್ದರೆ ಸಿಗುವುದಿಲ್ಲ ಎಂಬುದೂ ಸುಳ್ಳು. ಎದುರುದಾರರಿಗೆ ಉತ್ತರಿಸಲು 15 ದಿನ. ಸುಮ್ಮನಿದ್ದರೆ ಮತ್ತೆ ತಿಳಿಸಬಹುದು. ಆಮೇಲೂ ಬಾರದಿದ್ದರೆ ಗೈರುಹಾಜರೆಂದು ದಾಖಲಿಸಿ ಮುಂದುವರಿಯುತ್ತಾರೆ. ಆದರೆ ತಿಳಿಸುವುದು ಕಡ್ಡಾಯ. ಗೊತ್ತಿದ್ದೂ ವಿಳಾಸ ಬಚ್ಚಿಟ್ಟು ‘ಎಲ್ಲಿದ್ದಾರೋ ತಿಳಿಯದು’ ಎಂದು ಬರೆಯುವ ಜಾಣತನ ತಿರುಗಿಬೀಳುತ್ತದೆ. ತನ್ನ ಮಾತು ಹೇಳುವ ಹಕ್ಕನ್ನು ಒಬ್ಬರಿಂದ ಕಸಿದುಕೊಂಡ ತೀರ್ಪು ಸರಿಪಡಿಸಲಾಗದಷ್ಟು ಅಸಿಂಧು (ಕ್ಯಾನನ್ 1620). ಮರುಮದುವೆಯಾಗಿ ವರ್ಷವಾದ ಮೇಲೆ ಇದು ಬಯಲಾದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಮುಂದೆ ವಿಕಾರರು ವಿಚಾರಣೆಯ ಪ್ರಶ್ನೆಯನ್ನು ಗೊತ್ತುಪಡಿಸುತ್ತಾರೆ: ಇಂಥ ಕ್ಯಾನನ್ ಪ್ರಕಾರ, ಇಂಥವರ ಕಡೆಯ ಇಂಥ ದೋಷದಿಂದ ಈ ಮದುವೆ ಅಸಿಂಧುವೇ? ತೀರ್ಪು ಈ ಪ್ರಶ್ನೆಗಷ್ಟೇ ಉತ್ತರ. ಆಮೇಲೆ ಹೇಳಿಕೆಗಳು. ಸಿನಿಮಾದ ಕಟಕಟೆಯನ್ನು ನೆನೆದು ಹೆದರುವವರಿಗೆ ಒಂದು ಸಮಾಧಾನವಿದೆ. ಒಬ್ಬರ ಹೇಳಿಕೆಯ ಹೊತ್ತಿಗೆ ಇನ್ನೊಬ್ಬರು ಕೋಣೆಯಲ್ಲಿ ಇರುವಂತೆಯೇ ಇಲ್ಲ. ಪ್ರಮಾಣ ಮಾಡಿಸಿ ನ್ಯಾಯಾಧೀಶರು ಕೇಳುತ್ತಾರೆ, ನೋಟರಿ ಬರೆದುಕೊಳ್ಳುತ್ತಾರೆ, ಓದಿ ಸಹಿ ಹಾಕುತ್ತೀರಿ. ವಕೀಲರೂ ಬಂಧದ ರಕ್ಷಕರೂ ಹಾಜರಿರಬಹುದು. ಮಾನಸಿಕ ಕಾರಣದ ಪ್ರಕರಣವಾದರೆ ಮನೋತಜ್ಞರ ವರದಿಯೂ ಬೇಕಾಗುತ್ತದೆ, ಎದುರುದಾರರು ಬರಲೊಪ್ಪದಿದ್ದರೆ ತಜ್ಞರು ಕಡತ ನೋಡಿಯೇ ಅಭಿಪ್ರಾಯ ಕೊಡಬಹುದು.

ಸಾಕ್ಷ್ಯ ಮುಗಿದ ಮೇಲೆ ಕಡತವನ್ನು ಇಬ್ಬರಿಗೂ ತೆರೆದು ತೋರಿಸುತ್ತಾರೆ. ಟ್ರಿಬ್ಯೂನಲಿನ ಕಚೇರಿಯಲ್ಲಿ ಕೂತು ಓದಬೇಕು. ಇಡೀ ದಾರಿಯಲ್ಲಿ ಮನಸ್ಸಿಗೆ ಭಾರವಾಗುವ ಹಂತ ಇದೇ. ಹಿಂದೆ ಅತ್ತಿಗೆಯಾಗಿದ್ದವಳು ನಿಮ್ಮ ಬಗ್ಗೆ ಏನು ಹೇಳಿದ್ದಾಳೆ ಎಂಬುದು ಅಲ್ಲಿರುತ್ತದೆ. ಹೊಸ ಸಾಕ್ಷ್ಯ ಕೊಡುವುದಿದ್ದರೆ ಈಗಲೇ ಕೊಡಬೇಕು. ಅನಂತರ ಕಡತ ಮುಚ್ಚಿ, ವಕೀಲರ ಟಿಪ್ಪಣಿ, ರಕ್ಷಕರ ಆಕ್ಷೇಪಗಳನ್ನು ಪಡೆದು ಮೂವರು ನ್ಯಾಯಾಧೀಶರು ಕೂರುತ್ತಾರೆ. ಪೀಠದ ಮುಖ್ಯಸ್ಥರು ಗುರುಗಳೇ ಆಗಿರಬೇಕು, ಉಳಿದ ಇಬ್ಬರು ಸಾಮಾನ್ಯ ಭಕ್ತರಾಗಿರಬಹುದು. ಸಂದೇಹ ಉಳಿದರೆ ತೀರ್ಪು ಮದುವೆಯ ಪರ.

ಎಷ್ಟು ದಿನ, ಎಷ್ಟು ದುಡ್ಡು

ಮೊದಲ ಹಂತ ಒಂದು ವರ್ಷ, ಮೇಲ್ಮನವಿ ಆರು ತಿಂಗಳು ಮೀರಬಾರದು ಎನ್ನುತ್ತದೆ ಕ್ಯಾನನ್ 1453. ಸಾಕ್ಷಿಗಳು ದೇಶಾಂತರದಲ್ಲಿದ್ದರೆ, ತಜ್ಞರ ವರದಿ ತಡವಾದರೆ ಇದು ಮೀರುತ್ತದೆ. ಹಿಂದೆ ಇನ್ನೂ ಉದ್ದವಿತ್ತು. 1741ರಿಂದ ಬಂದ ನಿಯಮದಂತೆ ಎರಡು ಟ್ರಿಬ್ಯೂನಲುಗಳು ಒಂದೇ ತೀರ್ಪು ಕೊಡಬೇಕಿತ್ತು. ಪೋಪ್ ಫ್ರಾನ್ಸಿಸ್ ಅದನ್ನು ತೆಗೆದುಹಾಕಿದರು, 2015ರ ಡಿಸೆಂಬರ್ 8ರಿಂದ ಒಂದೇ ತೀರ್ಪು ಸಾಕು. ತೀರ್ಪು ಕೈಗೆ ಬಂದ 15 ದಿನದೊಳಗೆ ಯಾರೂ ಮೇಲ್ಮನವಿ ಹಾಕದಿದ್ದರೆ ಅದು ಜಾರಿಗೆ ಬರುತ್ತದೆ. ಮಂಗಳೂರಿನಂಥ ಧರ್ಮಪ್ರಾಂತ್ಯದಿಂದ ಮೇಲ್ಮನವಿ ಸಾಮಾನ್ಯವಾಗಿ ಬೆಂಗಳೂರು ಮಹಾಧರ್ಮಪ್ರಾಂತ್ಯದ ಟ್ರಿಬ್ಯೂನಲಿಗೆ. ನೇರ ರೋಮಿನ ರೋಟಾಕ್ಕೂ ಹೋಗಬಹುದು.

ಅದೇ ಸುಧಾರಣೆಯಲ್ಲಿ ಬಂದ ‘ಕಿರು ವಿಚಾರಣೆ’ ಪತ್ರಿಕೆಗಳಲ್ಲಿ ‘45 ದಿನದ ಅನಲ್ಮೆಂಟ್’ ಎಂದು ಸುದ್ದಿಯಾಗಿ ಈಗಲೂ ಜನರನ್ನು ಹಾದಿ ತಪ್ಪಿಸುತ್ತಿದೆ. ಅದಕ್ಕೆ ಇಬ್ಬರೂ ಕೂಡಿ ಅರ್ಜಿ ಹಾಕಬೇಕು ಅಥವಾ ಒಬ್ಬರ ಅರ್ಜಿಗೆ ಇನ್ನೊಬ್ಬರು ಒಪ್ಪಬೇಕು. ಜೊತೆಗೆ ಅಸಿಂಧುತ್ವ ದಾಖಲೆಯಿಂದಲೋ ಸಾಕ್ಷ್ಯದಿಂದಲೋ ಎದ್ದು ಕಾಣುವಂತಿರಬೇಕು: ಸಹಬಾಳ್ವೆ ತೀರ ಕೆಲವು ದಿನಗಳದ್ದು, ಮದುವೆಯ ಹೊತ್ತಿಗೇ ಪಟ್ಟುಹಿಡಿದು ನಡೆಸಿದ ಬೇರೆ ಸಂಬಂಧ, ಜೈಲುವಾಸವನ್ನೋ ಗಂಭೀರ ಅಂಟುರೋಗವನ್ನೋ ಮುಚ್ಚಿಟ್ಟಿದ್ದು ಇತ್ಯಾದಿ. ತೀರ್ಪು ಕೊಡುವುದು ಧರ್ಮಾಧ್ಯಕ್ಷರೇ. ಅವರಿಗೆ ಖಚಿತವಾಗದಿದ್ದರೆ ‘ಇಲ್ಲ’ ಎನ್ನದೆ ಸಾಮಾನ್ಯ ವಿಚಾರಣೆಗೆ ಕಳಿಸುತ್ತಾರೆ.

ಖರ್ಚಿನ ಬಗ್ಗೆ ಗುಸುಗುಸು ಜಾಸ್ತಿ. ಟ್ರಿಬ್ಯೂನಲಿನಲ್ಲಿ ದುಡಿಯುವವರ ನ್ಯಾಯವಾದ ಸಂಬಳವನ್ನು ನೋಡಿಕೊಂಡು, ಸಾಧ್ಯವಾದಷ್ಟೂ ಉಚಿತವಾಗಿರಲಿ ಎಂಬುದು 2015ರ ಸೂಚನೆ. ಶುಲ್ಕ ಕೇಳಿದರೆ ಎಷ್ಟು, ಯಾವುದಕ್ಕೆ ಎಂದು ಮೊದಲೇ ಕೇಳಿ ರಸೀದಿ ಪಡೆಯಿರಿ. ಕಟ್ಟಲಾಗದವರು ಹಾಗೆಂದು ಬರೆದುಕೊಡಬಹುದು. ದುಡ್ಡು ಕೊಟ್ಟರೆ ಬೇಗ ಮಾಡಿಸಿಕೊಡುತ್ತೇನೆ ಎನ್ನುವ ಮಧ್ಯವರ್ತಿಗೆ ಈ ವ್ಯವಸ್ಥೆಯಲ್ಲಿ ಕುರ್ಚಿಯಿಲ್ಲ.

ಎರಡು ಕಾನೂನು, ಎರಡೂ ಬೇಕು

ಅನಲ್ಮೆಂಟ್ ಸಿಕ್ಕಿದೆ, ಆದರೆ ಕೋರ್ಟಿನ ಡಿಕ್ರಿಯಿಲ್ಲ. ಮರುಮದುವೆಯಾಗಬಹುದೇ? ಖಂಡಿತ ಕೂಡದು. ಚರ್ಚಿನ ಟ್ರಿಬ್ಯೂನಲಿನ ತೀರ್ಪಿಗೆ ಸಿವಿಲ್ ಕಾನೂನಿನಲ್ಲಿ ಬೆಲೆಯಿಲ್ಲ ಎಂದು ಸುಪ್ರೀಂ ಕೋರ್ಟ್ 1996ರ ಮೋಲಿ ಜೋಸೆಫ್ ಪ್ರಕರಣದಲ್ಲೇ ಹೇಳಿದೆ. ಟ್ರಿಬ್ಯೂನಲಿನ ತೀರ್ಪನ್ನು ಕೋರ್ಟಿನ ಡಿಕ್ರಿಗೆ ಸಮನೆಂದು ಒಪ್ಪಬೇಕೆಂದು ಕರಾವಳಿಯ ಕ್ಲಾರೆನ್ಸ್ ಪಾಯಸ್ ಹಾಕಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯೂ 2017ರ ಜನವರಿಯಲ್ಲಿ ವಜಾ ಆಯಿತು. ಬರೀ ಚರ್ಚಿನ ಕಾಗದ ನಂಬಿ ಮರುಮದುವೆಯಾದವರ ಮೇಲೆ ದ್ವಿಪತ್ನಿತ್ವದ ಕೇಸು ಬೀಳಬಹುದು. ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಮಿನಲ್ಲಿ ಅದಕ್ಕೆ ಏಳು ವರ್ಷದವರೆಗೆ ಸೆರೆಯಿದೆ. ಪೋರ್ಚುಗೀಸರ ಕಾಲದ ಕಾನೂನು ಉಳಿದಿರುವ ಗೋವಾದ ವ್ಯವಸ್ಥೆ ಬೇರೆ, ಅದನ್ನು ಇಲ್ಲಿಗೆ ಅನ್ವಯಿಸಿಕೊಳ್ಳಬಾರದು.

ಸಾಮಾನ್ಯವಾಗಿ ಟ್ರಿಬ್ಯೂನಲುಗಳು ಕೋರ್ಟಿನ ಡಿಕ್ರಿಯನ್ನು ಮೊದಲೇ ಕೇಳುತ್ತವೆ. ಮದುವೆ ಮತ್ತೆ ಕೂಡದಷ್ಟು ಮುರಿದಿದೆ ಎಂಬುದು ನ್ಯಾಯಾಧೀಶರಿಗೆ ಖಚಿತವಾಗಬೇಕೆಂಬ ನಿಯಮಕ್ಕೂ (ಕ್ಯಾನನ್ 1675) ಅದು ಆಧಾರವಾಗುತ್ತದೆ. ಕ್ರೈಸ್ತರ ವಿಚ್ಛೇದನ ನಡೆಯುವುದು 1869ರ ಕಾಯ್ದೆಯಡಿ. ಪರಸ್ಪರ ಒಪ್ಪಿಗೆಯ ವಿಚ್ಛೇದನ 2001ರ ತಿದ್ದುಪಡಿಯಿಂದ ಬಂತು, ಕಲಂ 10ಎ. ಅದರಲ್ಲಿ ಎರಡು ವರ್ಷ ಬೇರೆ ಇರಬೇಕೆಂದು ಬರೆದಿದ್ದರೂ, ಬೇರೆ ಧರ್ಮದವರಿಗೆ ಒಂದು ವರ್ಷವಿರುವಾಗ ಇದು ತಾರತಮ್ಯ ಎಂದು 2010ರಲ್ಲಿ ಕೇರಳ ಹೈಕೋರ್ಟೂ ಅನಂತರ ಕರ್ನಾಟಕ ಹೈಕೋರ್ಟೂ ಒಂದು ವರ್ಷಕ್ಕೆ ಇಳಿಸಿದವು. ಕೋರ್ಟಿನಲ್ಲಿ ಪರಸ್ಪರ ಒಪ್ಪಿಗೆಯಿಂದ ಮುಗಿಸಿಕೊಂಡರೆ ಟ್ರಿಬ್ಯೂನಲಿನಲ್ಲಿ ತೊಂದರೆಯೇನೂ ಇಲ್ಲ. ಬದಲಿಗೆ ಅನುಕೂಲವೇ, ಏಕೆಂದರೆ ಕೋರ್ಟಿನಲ್ಲಿ ಒಬ್ಬರ ಮೇಲೊಬ್ಬರು ಹೊರಿಸಿದ ಉತ್ಪ್ರೇಕ್ಷೆಯ ಆರೋಪಗಳು ಇಲ್ಲಿ ಪ್ರಮಾಣ ಮಾಡಿ ಹೇಳುವಾಗ ಅಡ್ಡಬರುವುದಿಲ್ಲ.

ತೀರ್ಪು ‘ಅಸಿಂಧು’ ಎಂದು ಬಂದರೂ ಕೊನೆಯ ಪುಟ ಓದದೆ ಕಲ್ಯಾಣ ಮಂಟಪಕ್ಕೆ ಮುಂಗಡ ಕೊಡಬೇಡಿ. ಮರುಮದುವೆಗೆ ನಿರ್ಬಂಧವೊಂದು ಅಲ್ಲಿ ಸೇರಿರಬಹುದು: ಚಟ ಬಿಡಿಸಿಕೊಂಡದ್ದಕ್ಕೆ ಅಥವಾ ಮನೋತಜ್ಞರ ಚಿಕಿತ್ಸೆಗೆ ಪುರಾವೆ ತೋರಿಸಿ ಧರ್ಮಾಧ್ಯಕ್ಷರ ಅನುಮತಿ ಪಡೆಯುವವರೆಗೆ ಇವರು ಮತ್ತೆ ಮದುವೆಯಾಗಕೂಡದು ಎಂದು. ಅದು ಇಬ್ಬರಲ್ಲಿ ಒಬ್ಬರಿಗಷ್ಟೇ ಇರುವುದೂ ಉಂಟು. ತೀರ್ಪು ‘ಸಿಂಧು’ ಎಂದು ಬಂದವರಿಗೆ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಮೇಲ್ಮನವಿಯಿದೆ, ಗಟ್ಟಿಯಾದ ಹೊಸ ಸಾಕ್ಷ್ಯ ಸಿಕ್ಕರೆ ವರ್ಷಗಳ ಮೇಲೂ ಪ್ರಕರಣ ತೆರೆಯಬಹುದು.

ಜಾರಿಗೆ ಬಂದ ತೀರ್ಪಿನ ಮಾಹಿತಿ ಮದುವೆ ನಡೆದ ಚರ್ಚಿಗೂ ಸ್ನಾನದೀಕ್ಷೆಯಾದ ಚರ್ಚಿಗೂ ಹೋಗಿ ಅಲ್ಲಿನ ರಿಜಿಸ್ಟರುಗಳಲ್ಲಿ ದಾಖಲಾಗಬೇಕು. ಕಳಿಸುವುದು ಕಚೇರಿಗಳ ಕೆಲಸ, ಆದರೆ ಕಾಗದ ನಡುವೆ ಎಲ್ಲೋ ಕೂತುಬಿಡುವುದು ಅಪರೂಪವೇನಲ್ಲ. ತಿಂಗಳು ಕಳೆದ ಮೇಲೆ ಸ್ನಾನದೀಕ್ಷೆಯಾದ ಊರಿನ ಚರ್ಚಿಗೆ ಹೋಗಿ ಹೊಸ ಪ್ರಮಾಣಪತ್ರ ಕೇಳಿ. ಮೊದಲ ಮದುವೆಯ ಟಿಪ್ಪಣಿಯ ಕೆಳಗೆ ಟ್ರಿಬ್ಯೂನಲಿನ ಹೆಸರು, ತೀರ್ಪಿನ ದಿನಾಂಕ ಮತ್ತು ನಿರ್ಬಂಧವಿದ್ದರೆ ಅದೂ ಬರೆದಿದೆಯೇ ನೋಡಿಕೊಂಡು ಆಮೇಲೆ ದಿನ ಗೊತ್ತುಮಾಡಿ.